ಕೂಸಿನ ಮುಖ ಯಾವ ಕಡೆ

ಮಗಳಿಗೆ ಐದು ತಿಂಗಳಾಗಿದ್ದಾಗ ಹೈದರಾಬಾದಿನಿಂದ ಬಂದ ನನ್ನ ಅಣ್ಣ ಅವಳಿಗೊಂದು ತಳ್ಳುಗಾಡಿ ತಂದುಕೊಟ್ಟ. ರಾಯಚೂರಿನ ನಮ್ಮ ಓಣಿಯಲ್ಲಿ ಅದುವರೆಗೆ ತಳ್ಳುಗಾಡಿ ಎಂದರೆ ಬಾಳೆಹಣ್ಣಿನದು, ಇಲ್ಲವೇ ಉಳ್ಳಾಗಡ್ಡಿಯದು. ಕೂಸನ್ನು ಕೂರಿಸಿಕೊಂಡು ಹೊರಟ ಮೊದಲ ಸಂಜೆಯೇ ಎದುರುಮನೆಯ ಅಜ್ಜಿ, ‘ಕೆಜಿಗೆ ಹೆಂಗ ಕೊಡ್ತೀ ಯವ್ವಾ?’ ಎಂದು ಕೇಳಿ ಬೊಚ್ಚುಬಾಯಿ ಬಿಟ್ಟು ನಕ್ಕಿದ್ದರು. ನೀಲಿ ಬಟ್ಟೆಯ ಸೀಟು, ಮೇಲೊಂದು ಮಡಚುವ ಚಾವಣಿ, ಕೂಸು ಜಾರದಂತೆ ಎದೆಗೂ ಸೊಂಟಕ್ಕೂ ಪಟ್ಟಿ. ಹಿಡಿಕೆಯನ್ನು ಈ ಕಡೆಯಿಂದ ಆ ಕಡೆಗೆ ಹೊರಳಿಸಲು ಬರುತ್ತಿತ್ತು. ಒಂದು ಕಡೆ ಹೊರಳಿಸಿದರೆ ಕೂಸು ತಳ್ಳುವವರ ಮುಖ ನೋಡುತ್ತದೆ, ಇನ್ನೊಂದು ಕಡೆ ಹೊರಳಿಸಿದರೆ ದಾರಿ ನೋಡುತ್ತದೆ.

ಯಾವುದು ಸರಿ ಎಂದು ಗಂಡನನ್ನು ಕೇಳಿದೆ. ‘ಯಾವ ಕಡೆ ಕುಂತರೂ ಕೂಸು ಕೂಸೇ ಅಲ್ಲೇನು’ ಎಂದು ಮೊಬೈಲಿನಿಂದ ತಲೆ ಎತ್ತದೆ ಹೇಳಿದರು. ಕೆಲವು ವಿಷಯಗಳಲ್ಲಿ ಅವರನ್ನು ಕೇಳುವುದೂ ಗೋಡೆಯನ್ನು ಕೇಳುವುದೂ ಒಂದೇ. ನಾನು ಅವಳನ್ನು ನನ್ನ ಕಡೆಗೇ ಮುಖ ಮಾಡಿ ಕೂರಿಸಿದೆ. ಹೊತ್ತು ಹೆತ್ತದ್ದು ಚಾವಣಿಯ ಬಟ್ಟೆ ನೋಡುತ್ತ ನಡೆಯುವುದಕ್ಕಲ್ಲ ಎಂದು ನನ್ನ ಹಟ.

ಬಿಸಿಲು ಇಳಿದ ಮೇಲೆ ಮಾವಿನಕೆರೆಯ ಕಡೆಗೆ ಹೋಗಿಬರುವುದು ನಮ್ಮ ರೂಢಿಯಾಯಿತು. ಮೊದಮೊದಲು ಮಗಳು ನನ್ನನ್ನೇ ನೋಡುತ್ತಿದ್ದಳು. ನಾನು ತುಟಿ ಉಬ್ಬಿಸಿದರೆ ತಾನೂ ಉಬ್ಬಿಸುತ್ತಿದ್ದಳು. ಆಮೇಲೊಂದು ಸಂಜೆ ಓಣಿ ದಾಟಿ ಬೇವಿನ ಮರದ ಹತ್ತಿರ ಬಂದಾಗ ಅವಳ ಕಣ್ಣು ನನ್ನ ಮುಖ ಬಿಟ್ಟು ನನ್ನ ಎಡ ಹೆಗಲಿನ ಮೇಲಿಂದ ಹಿಂದಕ್ಕೆ ಹೋಯಿತು. ಯಾರೋ ಪರಿಚಯದವರು ಬಂದಿರಬೇಕೆಂದು ತಿರುಗಿದೆ. ದಾರಿ ಖಾಲಿಯಿತ್ತು. ಮತ್ತೆ ಅವಳ ಕಡೆ ತಿರುಗಿದರೆ ಅವಳು ನಗುತ್ತಿದ್ದಳು, ನನಗಲ್ಲ.

ಮರುದಿನವೂ ಅದೇ ಜಾಗ, ಅದೇ ನಗು. ಎಲೆ ಅಲ್ಲಾಡುವುದನ್ನು ನೋಡುತ್ತಾಳೆ ಎಂದುಕೊಂಡೆ. ಆದರೆ ಮರ ಹಿಂದುಳಿದು ನಾವು ಎಷ್ಟೋ ಮುಂದೆ ಬಂದರೂ ಅವಳ ನೋಟ ನನ್ನ ಹೆಗಲ ಹಿಂದೆಯೇ ಇರುತ್ತಿತ್ತು. ಮರವಾಗಿದ್ದರೆ ದೂರವಾಗಬೇಕಿತ್ತು. ಅದು ದೂರವಾಗುತ್ತಿರಲಿಲ್ಲ, ನಮ್ಮ ಜೊತೆಗೇ ಬರುತ್ತಿತ್ತು. ನಾನು ನಿಂತರೆ ಅವಳ ಕಣ್ಣೂ ನಿಲ್ಲುತ್ತಿತ್ತು. ಸಟ್ಟನೆ ತಿರುಗಿದರೆ ಅವಳ ಕಣ್ಣು ಮೆಲ್ಲಗೆ ಪಕ್ಕಕ್ಕೆ ಸರಿಯುತ್ತಿತ್ತು, ಯಾರೋ ನನಗೆ ದಾರಿ ಬಿಟ್ಟ ಹಾಗೆ. ಡಾಕ್ಟರಿಗೆ ತೋರಿಸಿದೆ. ಕಣ್ಣು ಚೆನ್ನಾಗಿವೆ ಎಂದರು. ಆ ಮಾತಿನಿಂದ ನನ್ನ ಹೆದರಿಕೆ ಇನ್ನೂ ಹೆಚ್ಚಾಯಿತು. ನಾನು ಗಾಡಿಯ ಹಿಡಿಕೆ ಹೊರಳಿಸಿ ಅವಳ ಮುಖವನ್ನು ದಾರಿಯ ಕಡೆಗೆ ಮಾಡಿಬಿಟ್ಟೆ.

ಹೀಗಿರುವಾಗ ಆಯುಧ ಪೂಜೆ ಬಂತು. ಮಾವ ತೀರಿಕೊಂಡು ವರ್ಷದ ಕಾರ್ಯ ಮುಗಿದ ಮೇಲಿನ ಮೊದಲ ದೊಡ್ಡ ಹಬ್ಬ. ಗಂಡ ಬೈಕು ತೊಳೆದು, ವಿಭೂತಿ ಬಳಿದು, ಚೆಂಡು ಹೂವಿನ ಮಾಲೆ ಹಾಕಿದರು. ಮಾಲೆ ಇನ್ನೊಂದಿಷ್ಟು ಉಳಿದಿತ್ತು. ‘ಇದೂ ಗಾಡೀನೇ’ ಎಂದು ಅದನ್ನು ತಳ್ಳುಗಾಡಿಯ ಚಾವಣಿಯ ಸುತ್ತ ಕಟ್ಟಿದರು, ಚಕ್ರಕ್ಕೆ ನಿಂಬೆಹಣ್ಣಿಟ್ಟರು, ಕೈಯಲ್ಲಿದ್ದ ವಿಭೂತಿಯನ್ನು ಮಗಳ ಹಣೆಗೂ ಹಚ್ಚಿದರು. ನಾನೂ ನಕ್ಕು ಫೋಟೊ ತೆಗೆದೆ. ಮಗಳು ಗಾಡಿಯಲ್ಲೇ, ಗೇಟಿನ ನೆರಳಲ್ಲಿ, ರಸ್ತೆಯ ಕಡೆ ಮುಖ ಮಾಡಿಕೊಂಡು, ಕತ್ತು ಒಂದು ಕಡೆ ವಾಲಿಸಿ ನಿದ್ದೆಹೋದಳು.

ಆಗಲೇ ಗಬ್ಬೂರಿನ ಬಸ್ಸಿಳಿದು ಅತ್ತೆ ಬಂದರು. ಗೇಟಿನ ಹತ್ತಿರ ಬಂದವರು ಅಲ್ಲೇ ನಿಂತರು. ಕೈಯಲ್ಲಿದ್ದ ರೊಟ್ಟಿಯ ಚೀಲ ಕೆಳಗೆ ಬಿತ್ತು. ನೆಟ್ಟಗೆ ಗಾಡಿಯ ಬಳಿ ಹೋಗಿ ಕೂಸಿನ ಮೂಗಿನ ಕೆಳಗೆ ಬೆರಳು ಹಿಡಿದರು. ಆಮೇಲೆ ಮಾಲೆ ಹರಿದೆಸೆದು, ಪಟ್ಟಿ ಬಿಚ್ಚಿ, ಅವಳನ್ನು ಎತ್ತಿ ಎದೆಗೊತ್ತಿಕೊಂಡು ಒಳಗೆ ನಡೆದರು.

‘ಯಾರು ಮಾಡಿದ್ರು ಇದನ್ನ?’

‘ನಿಮ್ಮ ಮಗಾನೇ ರೀ ಅತ್ತಿ. ಹಬ್ಬ ಅಂತ.’

‘ಅವಂಗ ಕಣ್ಣಿಲ್ಲೇನು? ಹೋದ ವರ್ಷ ತಾನೇ ಹೆಗಲು ಕೊಟ್ಟಾನ.’

ನನಗೆ ಆಗ ಹೊಳೆಯಿತು. ನಮ್ಮವರು ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಹಣೆಗೆ ವಿಭೂತಿ ಬಳಿದು, ಹೂವಿನಿಂದ ಸಿಂಗರಿಸಿದ, ವಿಮಾನ ಎನ್ನುವ ಕುರ್ಚಿಯಂಥ ಚಟ್ಟದಲ್ಲಿ ಕೂರಿಸಿ, ವಾಲದಂತೆ ಬಟ್ಟೆಯಿಂದ ಕಟ್ಟಿ, ಮುಖ ಊರಿಗೆ ಕಾಣುವ ಹಾಗೆ ಒಯ್ಯುತ್ತಾರೆ. ಹೋದ ವರ್ಷದ ಶ್ರಾವಣದಲ್ಲಿ ಮಾವ ಗಬ್ಬೂರಿನ ಬೀದಿಯಲ್ಲಿ ಹಾಗೇ ಹೋಗಿದ್ದರು. ನಾನು ನೋಡಿರಲಿಲ್ಲ. ಬಸುರಿ ಹೆಣ ನೋಡಬಾರದೆಂದು ನನ್ನನ್ನು ಮಾನ್ವಿಯ ತವರಿನಲ್ಲೇ ಇರಿಸಿದ್ದರು. ನನ್ನ ಹೊಟ್ಟೆಯಲ್ಲಿದ್ದುದು ಇವಳೇ. ನಾನು ಬಸುರಿ ಎಂದು ತಿಳಿದ ದಿನ ಮಾವ, ‘ಕೂಸಿನ ಮಾರಿ ನೋಡೇ ಹೋಗ್ತೀನಿ’ ಎಂದಿದ್ದರಂತೆ.

‘ಇನ್ನ ಮ್ಯಾಲ ಕೂಸಿನ ಮಾರಿ ನಿನ್ನ ಕಡೆ ಇರ್ಲಿ ಯವ್ವಾ’ ಎಂದರು ಅತ್ತೆ. ‘ಹಂಗ ಕಟ್ಟಿಸ್ಕೊಂಡು, ದಾರಿಗೆ ಮಾರಿ ಮಾಡಿ ಹೋಗೋದು ಒಂದೇ ಸಲ.’

ನಾನು ಬಾಯಿ ಬಿಡಲೇಬೇಕಾಯಿತು. ‘ಅತ್ತಿ, ನನ್ನ ಕಡೆ ಕುಂದ್ರಿಸಿದ್ರ ಆಕಿ ನನ್ನ ನೋಡಂಗಿಲ್ಲ. ನನ್ನ ಹಿಂದ ಯಾರನ್ನೋ ನೋಡ್ತಾಳ. ನಗ್ತಾಳ.’

‘ಯಾವ ಹೆಗಲ ಕಡೆ?’

‘ಎಡಕ್ಕ.’

ಕೂಸು ಅತ್ತೆಯ ತೊಡೆಯ ಮೇಲೆ ಎಚ್ಚರವಾಗಿ ಅವರ ಸೆರಗು ಎಳೆಯುತ್ತಿತ್ತು. ಅದರ ಬೆರಳು ಬಿಡಿಸುತ್ತ, ‘ನಿಮ್ಮ ಮಾವ ಒಂದಿನಾನೂ ಯಾರ ಮುಂದೂ ನಡದಾವ್ರಲ್ಲ’ ಎಂದರು.

ಅದು ನನಗೂ ಗೊತ್ತಿತ್ತು. ಊರಿನಲ್ಲಿ ಗಂಡ ಮುಂದೆ, ಹೆಂಡತಿ ಹಿಂದೆ ನಡೆಯುವುದು ವಾಡಿಕೆ. ಇವರದು ಉಲ್ಟಾ. ಜೀವಮಾನವೆಲ್ಲ ಎತ್ತುಗಳ ಹಿಂದೆ ನಡೆದ ಮನುಷ್ಯ, ಎಲ್ಲರನ್ನೂ ಮುಂದೆ ಬಿಟ್ಟು ಒಂದಿಷ್ಟು ಎಡಕ್ಕೆ ಸರಿದು ಹಿಂದಿನಿಂದ ಬರುತ್ತಿದ್ದರು. ಗಬ್ಬೂರಿನವರು ಇದನ್ನು ಹೇಳಿ ನಗುತ್ತಿದ್ದರು. ಮದುವೆಯಾದ ಹೊಸತರಲ್ಲಿ ಬಸ್ ಸ್ಟ್ಯಾಂಡಿನವರೆಗೆ ನನ್ನನ್ನೂ ಹಾಗೇ ಬಿಟ್ಟುಬಂದಿದ್ದರು. ರಾಯಚೂರಿನಲ್ಲಿ ಚೂಡಿದಾರ ಹಾಕಿ ಬರಿದಲೆಯಲ್ಲಿ ಓಡಾಡುವ ನಾನು ತಲೆಯ ಮೇಲೆ ಸೆರಗು ಹೊದೆಯುತ್ತಿದ್ದುದು ಅವರೊಬ್ಬರ ಎದುರಿಗೆ ಮಾತ್ರ.

‘ನೋಡಾಕ ಬಂದಾವ್ರು ಕರಕೊಂಡು ಹೋದ್ರ?’ ಎಂದು ಕೇಳಿದೆ. ಇಷ್ಟು ದಿನ ನನ್ನನ್ನು ತಿನ್ನುತ್ತಿದ್ದುದು ಇದೇ ಹೆದರಿಕೆ, ಮಗಳನ್ನು ಯಾರೋ ಕರೆಯುತ್ತಿದ್ದಾರೆ ಎಂಬುದು.

ಅತ್ತೆ ಸಿಟ್ಟಾಗಲಿಲ್ಲ. ‘ಕರಕೊಂಡು ಹೋಗಾವ್ರಾಗಿದ್ರ ಮೊದಲ ನನ್ನ ಕರೀತಿದ್ರು’ ಎಂದರು. ಅಷ್ಟು ಹೇಳಿ ಮುಖ ಆ ಕಡೆ ತಿರುಗಿಸಿಕೊಂಡರು.

ಮರುದಿನ ಸಂಜೆ ಗಾಡಿ ತಳ್ಳಿದ್ದು ಅವರೇ. ಹಿಡಿಕೆ ಹೊರಳಿಸಿ, ಕೂಸಿನ ಮುಖ ತಮ್ಮ ಕಡೆ ಮಾಡಿಕೊಂಡರು. ನಾನು ಬೇಕೆಂದೇ ಅವರ ಹಿಂದೆ, ಎಡಕ್ಕೆ, ಮಗಳ ನೋಟ ಎಲ್ಲಿ ಹೋಗಿ ನಿಲ್ಲುತ್ತಿತ್ತೋ ಆ ಜಾಗದಲ್ಲೇ ನಡೆದೆ. ಅಲ್ಲಿ ನಾನಿದ್ದರೆ ಅವಳು ನನ್ನನ್ನು ನೋಡಲೇಬೇಕು, ಬೇರೆ ಯಾರಿಗೂ ಜಾಗವಿರುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ.

ಬೇವಿನ ಮರ ಬಂತು. ಮಗಳ ಕಣ್ಣು ಅಜ್ಜಿಯ ಮುಖ ಬಿಟ್ಟು ನನ್ನ ಮೇಲೆ ಬಂತು. ನಾನು ತುಟಿ ಉಬ್ಬಿಸಿದೆ. ಅವಳು ಒಂದು ಕ್ಷಣ ನನ್ನನ್ನು ನೋಡಿ, ನನ್ನನ್ನೂ ದಾಟಿ, ನನ್ನ ಎಡ ಹೆಗಲಿನ ಹಿಂದೆ ನೋಡಿದಳು. ಕಾಲು ಬಡಿದು ಕಿಲಕಿಲ ನಕ್ಕಳು. ಅತ್ತೆ ತಿರುಗಿ ನೋಡಲಿಲ್ಲ. ಹಿಂದಿನಿಂದ ಬರುವವರಿಗೆ ಅವಸರವಾಗಬಾರದೆಂಬಂತೆ ಹೆಜ್ಜೆ ನಿಧಾನ ಮಾಡಿದರು.

ನಾನೂ ತಿರುಗಲಿಲ್ಲ. ಹೆಗಲ ಮೇಲಿದ್ದ ವೇಲನ್ನು ಎಳೆದು ತಲೆಯ ಮೇಲೆ ಹೊದ್ದುಕೊಂಡೆ.