ಬೊಡ್ಚಿ ಎಂದ ಅಜ್ಜಿ, ಪರೀಕ್ಷೆಗೆ ನಿಂತ ನಾನು

ನಲವತ್ತು ದಾಟಿದ ಮೇಲೆ ನಾನು ಮತ್ತೆ ವಿದ್ಯಾರ್ಥಿನಿಯಾದೆ. ಅಲ್ಲಿಯವರೆಗೆ ಮಂಗಳೂರಿನ ಮನೆಮನೆಗಳಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಕೈಗೆ ಕೆಲಸ ಗೊತ್ತಿತ್ತು, ಸರ್ಟಿಫಿಕೇಟ್ ಇರಲಿಲ್ಲ. ನನ್ನನ್ನು ಕೆಲಸಕ್ಕೆ ಕಳಿಸುವ ಸಂಸ್ಥೆಯವರು, "ಆರೋಗ್ಯ ಮತ್ತು ಸಮಾಜ ಆರೈಕೆಯ ಡಿಪ್ಲೊಮಾ ಮಾಡಿ, ನಿಮ್ಮನ್ನೇ ಸೂಪರ್‌ವೈಸರ್ ಮಾಡ್ತೇವೆ" ಎಂದರು. ಸೇರಿಬಿಟ್ಟೆ.

ಕುಲಶೇಖರದ ನಮ್ಮ ಮನೆಯಲ್ಲಿ ಊಟದ ಮೇಜಿನ ಒಂದು ತುದಿಗೆ ಪಿಯುಸಿ ಓದುವ ಮಗಳು, ಇನ್ನೊಂದು ತುದಿಗೆ ನಾನು. ನಾನು ಮೊಬೈಲ್ ಮುಟ್ಟಿದರೆ ಸಾಕು, ಅವಳ ದನಿ ಏರುತ್ತಿತ್ತು.

"ಎಂತ ಅಮ್ಮ ಅದು? ಓದುವಾಗ ರೀಲ್ಸ್ ನೋಡ್ಲಿಕ್ಕೆ ಉಂಟಾ?"

ಇಷ್ಟು ವರ್ಷ ನಾನು ಬೈದದ್ದನ್ನೆಲ್ಲ ನನ್ನದೇ ಧಾಟಿಯಲ್ಲಿ ವಾಪಸ್ ಮಾಡುವುದರಲ್ಲಿ ಅವಳಿಗಿದ್ದ ಸುಖ ನೋಡಬೇಕಿತ್ತು.

ನಮಗೆ ಪಾಠ ಹೇಳುತ್ತಿದ್ದವರು ನಿವೃತ್ತ ನರ್ಸ್ ಒಬ್ಬರು. ನಗುವುದಕ್ಕೂ ಮೇಲಿನವರ ಅನುಮತಿ ಬೇಕೆಂಬಂಥ ಮುಖ. ಮೊದಲ ದಿನವೇ ಹೇಳಿದರು: "ನೀವು ಮುಟ್ಟುವುದು ಮನುಷ್ಯರನ್ನು, ಕಪಾಟನ್ನಲ್ಲ. ಮುಟ್ಟುವ ಮೊದಲು ಕೇಳಿ. ಬೇಡ ಅಂದರೆ ನಿಲ್ಲಿಸಿ." ನನಗೆ ಆ ಮಾತು ಬಹಳ ಹಿಡಿಸಿತು. ಮರುದಿನವೇ ಪ್ರಯೋಗಿಸಿದೆ. ತೊಂದರೆ ಶುರುವಾದದ್ದು ಅಲ್ಲಿಂದ.

ಆಗ ನಾನು ನೋಡಿಕೊಳ್ಳುತ್ತಿದ್ದದ್ದು ಬೋಳಾರದ ಒಬ್ಬ ಅಜ್ಜಿಯನ್ನು. ಪ್ರಾಯದಲ್ಲಿ ಬಂದರ್‌ನಲ್ಲಿ ಮೀನು ಮಾರಿದವರು. ಸೊಂಟ ಮುರಿದ ಮೇಲೆ ಹಾಸಿಗೆ, ಕುರ್ಚಿ, ಮತ್ತೆ ಹಾಸಿಗೆ. ಮನೆ ನಡೆಸುವವರು ಸೊಸೆ. ಒಳ್ಳೆಯವರು, ಸದಾ ಅವಸರದವರು.

"ಅಜ್ಜಿ, ಮೈ ಒರೆಸಲಾ?" ಎಂದು ಕೇಳಿದೆ.

ಅಜ್ಜಿ ನನ್ನನ್ನು ವಿಚಿತ್ರವಾಗಿ ನೋಡಿದರು. "ದಿನಾ ಒರೆಸ್ತೀಯಲ್ಲ, ಇವತ್ತೆಂತ ಕೇಳುದು?"

"ಕೇಳ್ಬೇಕಂತೆ. ಬೇಡ ಅಂದ್ರೆ ಬಿಡ್ಬೇಕಂತೆ."

ಅವರು ಆ ಹೊಸ ಅಧಿಕಾರವನ್ನು ಬಾಯಲ್ಲಿ ಚಪ್ಪರಿಸಿದಂತೆ ತುಳುವಿನಲ್ಲಿ ಹೇಳಿದರು: "ಬೊಡ್ಚಿ." ಬೇಡ!

ಅಂದಿನಿಂದ ಗಂಜಿಗೆ ಬೊಡ್ಚಿ, ಮಾತ್ರೆಗೆ ಬೊಡ್ಚಿ, ತಲೆ ಬಾಚುವುದಕ್ಕೂ ಬೊಡ್ಚಿ. ತುಸು ಹೊತ್ತು ಬಿಟ್ಟು ಮತ್ತೆ ಕೇಳಿದರೆ ಎಲ್ಲಕ್ಕೂ ಒಪ್ಪುತ್ತಿದ್ದರು. ಅವರಿಗೆ ಬೇಕಾದದ್ದು ಆ ಎರಡನೆಯ ಸಲದ ಕೇಳುವಿಕೆ. ಸೊಸೆಗೆ ಮಾತ್ರ ತಲೆ ಬಿಸಿ. "ನಿಮ್ಮ ಕೋರ್ಸಿನಿಂದ ನಮ್ಮ ಮನೆ ಹಾಳಾಯ್ತು ಮಾರಾಯ್ತಿ," ಎಂದು ಅಡುಗೆಮನೆಯಿಂದಲೇ ಕೂಗುತ್ತಿದ್ದರು.

ಪ್ರಾಯೋಗಿಕ ಪರೀಕ್ಷೆ ನಾವು ಕೆಲಸ ಮಾಡುವಲ್ಲೇ. ಸೊಸೆ ಒಪ್ಪಿದರು, ಅಜ್ಜಿಯೂ ಒಪ್ಪಿದರು. ಒಪ್ಪುವಾಗ ಯಾಕೋ ಸಣ್ಣಗೆ ನಕ್ಕರು. ಆ ದಿನ ನಮ್ಮ ನರ್ಸ್ ಟೀಚರ್ ಬಂದು ಬಾಗಿಲ ಬಳಿ ಕೂತರು. ಅಜ್ಜಿಯನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ಸುರಕ್ಷಿತವಾಗಿ ದಾಟಿಸುವುದು ನನ್ನ ಪಾಲಿನ ಪರೀಕ್ಷೆ. ಬ್ರೇಕ್ ಹಾಕಿದೆ, ಕೈ ತೊಳೆದೆ, ಬಾಗಿ ಕೇಳಿದೆ: "ಅಜ್ಜಿ, ಏಳಿಸಲಾ?"

"ಬೊಡ್ಚಿ."

ಬಾಗಿಲಲ್ಲಿ ನಿಂತಿದ್ದ ಸೊಸೆ ಹಣೆ ಚಚ್ಚಿಕೊಂಡರು. ಎರಡು ಕೈಯನ್ನೂ ಹಿಂದಕ್ಕೆ ತೆಗೆದು, ಸ್ಟೂಲ್ ಎಳೆದುಕೊಂಡು ಕೂತೆ.

"ನಿಜವಾಗಿ ಬಿಡ್ತೀಯಾ?" ಅಜ್ಜಿ ಪಿಸುಗುಟ್ಟಿದರು. "ಫೇಲ್ ಆದ್ರೆ?"

"ಆಗ್ತೇನೆ. ನಿಮಗೆ ಎಂತ ಬೇಕು ಹೇಳಿ."

ಅವರು ಕಿಟಕಿಯ ಕಡೆ ನೋಡಿದರು. "ಬಂದರ್‌ನ ದಕ್ಕೆಗೆ ಹೋಗ್ಬೇಕು. ದೋಣಿಯಿಂದ ಮೀನು ಇಳಿಸುವುದು ನೋಡದೆ ಎಷ್ಟು ಸಮಯ ಆಯ್ತು."

ಮನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಸೊಸೆಯ ಮುಖ ನೋಡಿದೆ. ಅವರು ಮೆಲ್ಲನೆ ತಲೆಯಾಡಿಸಿದರು.

"ಹೋಗುವ. ಆದ್ರೆ ದಕ್ಕೆಗೆ ಹೋಗ್ಲಿಕ್ಕೆ ಮೊದಲು ಈ ಕುರ್ಚಿಗೆ ಬರ್ಬೇಕಲ್ಲ ಅಜ್ಜಿ?"

"ಅದು ಹೌದು," ಎಂದು ಅಜ್ಜಿ ಎರಡೂ ಕೈ ಚಾಚಿದರು. ಎತ್ತಿ ಕೂರಿಸಿದೆ. ತಿರುಗಿ ನೋಡಿದರೆ ಟೀಚರ್ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಿದ್ದರು; ಭುಜ ಮಾತ್ರ ಕುಲುಕುತ್ತಿತ್ತು.

ಪಾಸಾದೆ. ಸಂಸ್ಥೆಯವರು ಮಾತು ಉಳಿಸಿಕೊಂಡರು. ಹೊಸ ಕೆಲಸಕ್ಕೆ ಹೋಗುವ ಮೊದಲು ನಾನೂ ನನ್ನ ಮಾತು ಉಳಿಸಿಕೊಳ್ಳಬೇಕಿತ್ತು. ಒಂದು ಆದಿತ್ಯವಾರ ಬೆಳಿಗ್ಗೆ ಗಾಲಿಕುರ್ಚಿ ಮಡಚಿ, ಅಜ್ಜಿ, ಸೊಸೆ, ನಾನು ಒಂದೇ ರಿಕ್ಷಾದಲ್ಲಿ ಬಂದರ್‌ಗೆ ಹೊರಟೆವು.

ದಕ್ಕೆಯಲ್ಲಿ ಅಜ್ಜಿಯನ್ನು ಗುರುತು ಹಿಡಿದವರು ಒಬ್ಬರೂ ಇರಲಿಲ್ಲ. ಬೇಸರವಾದೀತೆಂದು ನಾನು ಹೆದರಿದೆ. ಅವರಿಗೆ ಅದರ ಗೊಡವೆಯೇ ಇಲ್ಲ. ಬುಟ್ಟಿಯಿಂದ ಬುಟ್ಟಿಗೆ ಕುರ್ಚಿ ತಳ್ಳಿಸಿ, ಕಿವಿರು ಎತ್ತಿ ನೋಡಿ, ಮಾರುವ ಹೆಂಗಸರೊಡನೆ ಮನಸಾರೆ ಜಗಳವಾಡಿದರು. ಕೊನೆಗೆ ಆರಿಸಿದ್ದು ಬೂತಾಯಿ, ಅದೂ ಮನೆಗೆ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ.

"ಇಷ್ಟು ಮುಳ್ಳಿನ ಮೀನು ಯಾರು ತಿನ್ನುದು?" ಎಂದು ಸೊಸೆ ದಾರಿಯುದ್ದ ಗೊಣಗಿದರು. ಆದರೂ ಮಧ್ಯಾಹ್ನ ಅದರದ್ದೇ ಹುಳಿಖಾರದ ಪುಳಿಮುಂಚಿ ಸಾರು ಮಾಡಿದರು. ಅಜ್ಜಿ ಚೆನ್ನಾಗಿ ಉಂಡು, ತಲೆಯಿಂದ ಕಾಲಿನವರೆಗೆ ಮೀನಿನ ವಾಸನೆಯೊಡನೆ ಮಲಗಿಬಿಟ್ಟರು.

ನಾವಿಬ್ಬರೂ ಅಡುಗೆಮನೆಯಲ್ಲಿ ಊಟಕ್ಕೆ ಕೂತು ಮುಳ್ಳು ಬಿಡಿಸುತ್ತಿದ್ದಾಗ ಸೊಸೆ ತಟ್ಟೆ ನೋಡಿಕೊಂಡೇ ಕೇಳಿದರು: "ಆ ಕೋರ್ಸಿಗೆ ನನ್ನಂಥವರನ್ನು ಸೇರಿಸ್ತಾರಾ?"

"ಸೇರಿಸ್ತಾರೆ. ನಾಳೆ ಬನ್ನಿ, ಒಟ್ಟಿಗೆ ಹೋಗಿ ಕೇಳುವ," ಎಂದೆ.

ಮುಂದಿನ ಬ್ಯಾಚಿನಲ್ಲಿ ಅವರು ಮೊದಲ ಬೆಂಚಿನಲ್ಲೇ ಕೂತರಂತೆ.