ಬೋರ್ಡಿಲ್ಲದ ಕೋಣೆಗೆ ಕರೆದೊಯ್ಯುವ ಹಾಲಿನವರು

ಭಾನುವಾರ ಬೆಳಗಿನ ಐದೂಮುಕ್ಕಾಲು. ಚಾಂಪಿಯನ್ ರೀಫ್ಸ್ ಬಸ್ ಸ್ಟಾಪಿನ ಪಕ್ಕದ ಟೀ ಅಂಗಡಿಗೆ ಮುನಿಸ್ವಾಮಪ್ಪ ಹಾಲು ಅಳೆಯುತ್ತಿದ್ದಾರೆ. ಕಣ್ಣು ಮಾತ್ರ ಅಳತೆಯ ಮೇಲಿಲ್ಲ, ಮೂಲೆಯಲ್ಲಿ ಟೀ ಲೋಟವನ್ನು ಎರಡೂ ಕೈಯಲ್ಲಿ ಬಿಗಿ ಹಿಡಿದು ನಿಂತವರ ಮೇಲಿದೆ. ಚಳಿಗೆ ಹಾಗೆ ಹಿಡಿಯುವವರು ಬೇರೆ, ನಡುಕಕ್ಕೆ ಹಿಡಿಯುವವರು ಬೇರೆ. ಈ ವ್ಯತ್ಯಾಸವನ್ನು ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಹನ್ನೊಂದು ವರ್ಷ ಅವರೂ ಲೋಟವನ್ನು ಹಾಗೆಯೇ ಹಿಡಿದವರು.

“ಇವತ್ತಾದ್ರೂ ಬತ್ತೀರಾ ಸಾರ್?” ಎಂದು ಕೇಳುತ್ತಾರೆ.

ಲೋಟ ಹಿಡಿದ ರಾಜ್‌ಕುಮಾರ್ ಗದಗದ ಕಡೆಯವರು, ಇಲ್ಲಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಇನ್ನೊಮ್ಮೆ ಕುಡಿದು ಡ್ಯೂಟಿಗೆ ಬಂದರೆ ಕೆಲಸ ಇಲ್ಲವೆಂದು ಮೇಲಿನವರು ಖಡಾಖಂಡಿತವಾಗಿ ಹೇಳಿದ್ದಾರೆ. ಕುಡಿತ ಬಿಡಬೇಕೆನ್ನುವವರ ಮೀಟಿಂಗಿಗೆ ಬರುತ್ತೇನೆಂದು ಎರಡು ಭಾನುವಾರ ಕೈಕೊಟ್ಟಿದ್ದಾರೆ. “ಒಂಬತ್ತಕ್ಕ ಇಲ್ಲೇ ಇರ್ತೀನ್ರಿ ಅಣ್ಣಾರ,” ಎಂದು ಈ ಸಲವೂ ನೆಲ ನೋಡುತ್ತಲೇ ಹೇಳುತ್ತಾರೆ. ಮುನಿಸ್ವಾಮಪ್ಪ ಪೂರ್ತಿ ನಂಬುವುದೂ ಇಲ್ಲ, ಬಿಡುವುದೂ ಇಲ್ಲ.

ಐವತ್ತಮೂರು ವರ್ಷದ ಮುನಿಸ್ವಾಮಪ್ಪ ಬೇತಮಂಗಲದ ಹತ್ತಿರದ ಹಳ್ಳಿಯವರು. (ಇಲ್ಲಿ ಬರುವ ಜನರ ಹೆಸರುಗಳೆಲ್ಲ ಬದಲಿಸಿದವು.) ಮೂರೂವರೆಗೆ ಎದ್ದು, ತಮ್ಮ ಎರಡು ಹಸುಗಳ ಹಾಲಿಗೆ ನೆರೆಯವರ ಹಾಲನ್ನೂ ಸೇರಿಸಿ, ಅರವತ್ತು ಲೀಟರ್ ಹೊತ್ತ ಟಿವಿಎಸ್ಸನ್ನು ಹನ್ನೊಂದು ಟೀ ಅಂಗಡಿಗಳಿಗೆ ಓಡಿಸುತ್ತಾರೆ. ಹತ್ತು ನಿಮಿಷ ತಡವಾದರೆ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೈಗುಳ ಬೀಳುತ್ತದೆ. ಮೂರೂ ಅವರಿಗೆ ಚೆನ್ನಾಗಿಯೇ ಅರ್ಥವಾಗುತ್ತದೆ. ಬಾಯಿಗೆ ಹನಿ ಮದ್ಯ ಹಾಕದೆ ಇದು ಒಂಬತ್ತನೇ ವರ್ಷ.

ಅದಕ್ಕೂ ಹಿಂದಿನ ಕಥೆಯನ್ನು ಹೆಂಡತಿ ಅಶ್ವತ್ಥಮ್ಮ ಒಂದೇ ಉಸಿರಿಗೆ ಮುಗಿಸುತ್ತಾರೆ: “ಹಾಲಾಕಕ್ಕೆ ಓಗೋರು, ಮಧ್ಯಾಹ್ನ ಖಾಲಿ ಕ್ಯಾನು, ಖಾಲಿ ಜೇಬು ತಕಂಡ್ ಬರೋರು. ಒಂದ್ಸಲ ಕ್ಯಾನೂ ಬರ್ಲಿಲ್ಲ, ಇವ್ರೂ ಬರ್ಲಿಲ್ಲ.”

ಬಂಗಾರಪೇಟೆಯಲ್ಲಿ ಹೊಟ್ಟೆನೋವಿಗೆ ಆಸ್ಪತ್ರೆ ಸೇರಿದಾಗ ನರ್ಸಮ್ಮ ಒಬ್ಬರು ಚೀಟಿ ಬರೆದುಕೊಟ್ಟರು: ಚಾಂಪಿಯನ್ ರೀಫ್ಸ್, ಭಾನುವಾರ, ಮೀಟಿಂಗ್. ಮೀಟಿಂಗ್ ನಡೆಯುವ ಕೋಣೆಗೋ ಬೋರ್ಡಿಲ್ಲ, ಬರುವವರ ಮಾನ ಹೋಗಬಾರದಲ್ಲ. ಬಾಯಿ ಇದ್ದವನು ಬರದಲ್ಲೂ ಬದುಕುತ್ತಾನೆ ಎನ್ನುತ್ತಾರೆ, ಸರಿ. ಆದರೆ ಕುಡುಕರ ಮೀಟಿಂಗ್ ಎಲ್ಲಿ ಎಂದು ನಡುಬೀದಿಯಲ್ಲಿ ಕೇಳಲು ಎಂಥ ಬಾಯಿ ಬೇಕು? ಮುನಿಸ್ವಾಮಪ್ಪ ‘ಮೀಟಿಂಗ್ ಎಲ್ಲಿ’ ಎಂದಷ್ಟೇ ಕೇಳಿದರು. ಚಿನ್ನದ ಗಣಿ ಮುಚ್ಚಿದ ಮೇಲೆ ಆ ಬೀದಿಯವರಿಗೆ ಮೀಟಿಂಗ್ ಎಂದರೆ ಒಂದೇ, ತಾವಿರುವ ಕ್ವಾರ್ಟರ್ಸ್ ಮನೆ ತಮ್ಮ ಹೆಸರಿಗೆ ಆಗಲೆಂದು ಹಳೆಯ ಗಣಿ ಕಾರ್ಮಿಕರು ಸೇರುವುದು. ಅಲ್ಲಿಗೇ ಕಳಿಸಿದರು.

“ಎರಡ್ ವಾರ ಕುಂತಿದ್ದೆ ಸಾರ್. ಟೀ ಕೊಟ್ರು, ಕುಡ್ದೆ. ಕೈ ಎತ್ತಿ ಅಂದ್ರು, ಎತ್ದೆ. ಅರ್ಜಿಗೆ ಸೈನೂ ಆಕ್ದೆ. ನಮ್ಮಪ್ಪನಾಣೆ, ಗಣಿ ಒಳಗೆ ಕಾಲಿಟ್ಟೋನಲ್ಲ ನಾನು! ಕುಡಿತದ ಮಾತು ಯಾವಾಗ ಬತ್ತದೆ ಅಂತ ಕಾಯ್ತಾ ಇದ್ದೆ.”

ಹೇಳಿ ಹೊಟ್ಟೆ ಹಿಡಿದು ನಗುತ್ತಾರೆ. ಆಮೇಲೆ ನಗು ನಿಲ್ಲುತ್ತದೆ. ಮೂರನೇ ವಾರ ಅವರು ಹೋಗಲಿಲ್ಲ, ಇದೆಲ್ಲ ನನಗಲ್ಲ ಎಂದುಕೊಂಡು ಮತ್ತೆ ಏಳು ತಿಂಗಳು ಕುಡಿದರು. ಆ ಏಳು ತಿಂಗಳಲ್ಲೇ ಹಸುಗಳು ಸಂತೆಗೆ ಹೋದವು, ಅಶ್ವತ್ಥಮ್ಮ ತವರಿಗೆ ಹೋದರು. ಸೈನ್ ಹಾಕುವಾಗ ಅವರ ಕೈ ನಡುಗಿದ್ದನ್ನು ಕಂಡಿದ್ದ ಮುದುಕರೊಬ್ಬರು ಕೊನೆಗೊಂದು ದಿನ ದಾರಿಯಲ್ಲಿ ಸಿಕ್ಕು, ರಟ್ಟೆ ಹಿಡಿದು ಸರಿಯಾದ ಕೋಣೆಗೆ ಕರೆದೊಯ್ದರು. ಬೇರೆಯವರ ಏಳು ತಿಂಗಳು ಹಾಗೆ ಹೋಗಬಾರದು ಎಂಬುದೇ ಈಗ ಮುನಿಸ್ವಾಮಪ್ಪನವರ ಹಟ.

ಇದುವರೆಗೆ ನೂರನಲವತ್ತು ಜನರನ್ನಾದರೂ ಟಿವಿಎಸ್ಸಿನ ಹಿಂದೆ ಕೂರಿಸಿಕೊಂಡು ಹೋಗಿದ್ದಾರೆ. ಕುಡಿತ ಬಿಟ್ಟು ನಿಂತವರು ಮೂವತ್ತು ಚಿಲ್ಲರೆ. “ಮಿಕ್ಕೋರು ಎಲ್ಲೂ ಓಗಿಲ್ಲ, ಟೀ ಅಂಗ್ಡೀಲೇ ಸಿಕ್ತಾರೆ. ಮತ್ತೆ ಕೇಳ್ತೀನಿ,” ಎನ್ನುತ್ತಾರೆ.

ಒಂಬತ್ತಕ್ಕೆ ರಾಜ್‌ಕುಮಾರ್ ಇಲ್ಲ. ಒಂಬತ್ತೂಕಾಲಕ್ಕೂ ಇಲ್ಲ. ಒಂಬತ್ತು ಇಪ್ಪತ್ತಕ್ಕೆ, ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಶರ್ಟು ತೊಟ್ಟು ಬರುತ್ತಾರೆ. “ನಾ ಒಳಗ ಬರೂದಿಲ್ರಿ. ಜಾಗಾ ನೋಡಿ ಹೋಗ್ತೀನಿ.”

“ನೋಡ್ಕಂಡೇ ಓಗಿ. ಕುಂತ್ಕಂಡು ನೋಡಕ್ಕೆ ಕುರ್ಚಿ ಐತೆ.”

ಮೀಟಿಂಗ್ ಒಂಬತ್ತೂವರೆಯಿಂದ ಹನ್ನೊಂದರವರೆಗೆ. ಎದುರಿನ ವೈನ್ ಶಾಪ್ ತೆರೆಯುವುದು ಹತ್ತಕ್ಕೆ. ಕುಡಿಯುವವನಿಗೆ ಭಾನುವಾರದ ಆ ಹೊತ್ತು ಎಷ್ಟು ಕಷ್ಟವೆಂದು ಬಲ್ಲವರೇ ವೇಳೆಯನ್ನು ಹೀಗೆ ಇಟ್ಟಿದ್ದಾರೆ. ಒಳಗೆ ಆಡಿದ ಮಾತು ಒಳಗೇ ಇರಬೇಕು, ಅದನ್ನು ಇಲ್ಲಿ ಬರೆಯುವಂತಿಲ್ಲ. ಹತ್ತಕ್ಕೆ ಸರಿಯಾಗಿ ರಸ್ತೆಯಾಚೆ ಶಟರ್ ಏಳುತ್ತದೆ. ಸದ್ದು ಎಲ್ಲರಿಗೂ ಕೇಳುತ್ತದೆ, ಯಾರೂ ತಲೆ ಎತ್ತುವುದಿಲ್ಲ. ಬಾಗಿಲ ಪಕ್ಕದ ಕುರ್ಚಿಯಿಂದ ರಾಜ್‌ಕುಮಾರ್ ಅರ್ಧ ಏಳುತ್ತಾರೆ. ಮುನಿಸ್ವಾಮಪ್ಪ ಕೈ ಹಿಡಿಯುವುದಿಲ್ಲ, ಕೂರಿ ಎನ್ನುವುದೂ ಇಲ್ಲ. ರಾಜ್‌ಕುಮಾರ್ ನಿಧಾನಕ್ಕೆ ಕೂರುತ್ತಾರೆ.

ಹನ್ನೊಂದಕ್ಕೆ ಹೊರಬಂದ ರಾಜ್‌ಕುಮಾರ್ ಕೇಳಿದ್ದು ಒಂದೇ ಮಾತು: “ಮುಂದಿನ ವಾರಾನೂ ಇಲ್ಲೇ ಏನ್ರಿ?”

ಮುನಿಸ್ವಾಮಪ್ಪನವರ ಮುಖ ಅರಳುತ್ತದೆ. ಈ ಸಂತೋಷದಲ್ಲೇ ಒಂದು ಫೋಟೋ ತೆಗೆಯೋಣವೆಂದರೆ ತಲೆಯಾಡಿಸುತ್ತಾರೆ.

“ಫೋಟೋ ಬ್ಯಾಡ ಸಾರ್, ಎಸ್ರೂ ಬ್ಯಾಡ. ಭಾನುವಾರ ಒಂಬತ್ತು ಗಂಟೆ, ಚಾಂಪಿಯನ್ ರೀಫ್ಸ್ ಬಸ್ ಸ್ಟಾಪು, ಹಾಲಿನ ಕ್ಯಾನ್ ಕಟ್ಟಿರೋ ಟಿವಿಎಸ್ಸು. ಅಷ್ಟು ಮಾತ್ರ ದಪ್ಪಕ್ಷರದಲ್ಲಿ ಆಕಿ. ಬಂದು ಸುಮ್ನೆ ಪಕ್ಕದಲ್ಲಿ ನಿಂತ್ರೆ ಸಾಕು. ಯಾರ್ನೂ ಏನೂ ಕೇಳ್ಬೇಕಾಗಿಲ್ಲ.”