ಬೀಗಿತ್ತಿಯರ ಡೇ ಪಾಸು

ಅಮೆರಿಕದ ಟೆಕ್ಸಾಸಿನಲ್ಲಿರುವ ಪ್ಲೇನೋದಲ್ಲಿ ರೈಲು ಓಡುತ್ತದೆ ಎಂಬುದು ಅಲ್ಲಿರುವ ನಮ್ಮವರಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ. ಗೊತ್ತಿದ್ದವರೂ ಅದನ್ನು ಹತ್ತಿದವರಲ್ಲ. ಹಾಲು ತರಲು ಕಾರು, ವಾಕಿಂಗ್ ಮಾಡುವ ಪಾರ್ಕಿಗೆ ಹೋಗಲೂ ಕಾರು. ಅಂಥ ಊರಿನಲ್ಲಿ, ಅರವತ್ತು ದಾಟಿದ ನಾನು ನನ್ನ ಬೀಗಿತ್ತಿಯ ಜೊತೆ ಒಂದು ಶನಿವಾರವಿಡೀ ರೈಲಿನಲ್ಲಿ ಸುತ್ತಿದೆ. ಸುತ್ತುವ ಚಪಲದಿಂದಲ್ಲ. ಮಗಳು ನಮ್ಮಿಬ್ಬರನ್ನೂ ಮನೆಯಿಂದ ಹೊರಗೆ ಹಾಕಿದ್ದಳು.

ಅವಳಿಗೆ ಹೆರಿಗೆಯಾಗಿತ್ತು. ಬಾಣಂತನಕ್ಕೆಂದು ನಾನು ಮೈಸೂರಿನಿಂದ ಹೋದೆ. ಮೊಮ್ಮಗಳನ್ನು ನೋಡಲೆಂದು ಅಳಿಯನ ತಾಯಿ ಧಾರವಾಡದಿಂದ ಬಂದರು. ಅಡುಗೆಮನೆ ಒಂದು, ಅಜ್ಜಿಯರು ಇಬ್ಬರು. ನಾವು ಒಂದು ದಿನವೂ ಜಗಳವಾಡಲಿಲ್ಲ, ತೊಂದರೆಯಾದದ್ದೇ ಅದರಿಂದ. ಅವರು ಕಟ್ಟಿದ ಅಂಟಿನುಂಡೆಯನ್ನು ನಾನು ಬಾಯಿ ತುಂಬ ಹೊಗಳಿ, ಡಬ್ಬಿಯ ಮುಚ್ಚಳ ಹಾಕಿ, ಮಗಳಿಗೆ ಮೆಣಸಿನ ಸಾರು ಬಡಿಸುತ್ತಿದ್ದೆ. ಅವರು ಅದೇ ಸಾರಿನ ರುಚಿ ನೋಡಿ, “ಉಪ್ಪು ಹತ್ತಿಲ್ರಿ ಇದಕ್ಕ” ಎಂದು ನನ್ನೆದುರಿಗೇ ಹೇಳುತ್ತಿದ್ದರು. ನಾನು ನಗುತ್ತಿದ್ದೆ. ಗಂಡಿನ ಕಡೆಯವರಲ್ಲವೇ. ನಕ್ಕು, ರೂಮಿಗೆ ಹೋಗಿ ದಿಂಬಿಗೆ ಎರಡು ಗುದ್ದುತ್ತಿದ್ದೆ. ಮಗಳು ಪಾಪ, ಉಂಡೆಯನ್ನೂ ತಿಂದು ಸಾರನ್ನೂ ಕುಡಿದು ಇಬ್ಬರ ಮುಖವನ್ನೂ ನೋಡುತ್ತಿದ್ದಳು.

ಊರಿಗೆ ವಾಪಸಾಗಲು ಇಬ್ಬರ ಟಿಕೆಟ್ಟೂ ಆ ತಿಂಗಳ ಕೊನೆಗಿತ್ತು. ಮಗಳು ಮತ್ತೆ ಕೆಲಸಕ್ಕೆ ಹೋಗಬೇಕಾದ್ದರಿಂದ ಒಬ್ಬರು ಇನ್ನೂ ಮೂರು ತಿಂಗಳು ಉಳಿಯಬೇಕಿತ್ತು. ಇಬ್ಬರೂ ಉಳಿದರೆ ತಾನೇ ಮನೆ ಬಿಟ್ಟು ಹೋಗುತ್ತೇನೆಂದು ಅವಳು ಗಂಡನಿಗೆ ಹೇಳಿದ್ದು ಗೋಡೆಯಾಚೆಯಿಂದ ನನಗೆ ಕೇಳಿಸಿತ್ತು. ಶುಕ್ರವಾರ ಊಟವಾದ ಮೇಲೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದಳು:

“ನಾಳೆ ನೀವಿಬ್ರೂ ಟ್ರೈನಲ್ಲಿ ಫೋರ್ಟ್ ವರ್ತ್‌ಗೆ ಹೋಗಿ ಬನ್ನಿ. ಫೋನಲ್ಲಿ ರೀಜನಲ್ ಡೇ ಪಾಸ್ ಹಾಕಿದೀವಿ. ಇಡೀ ದಿನ ಎಲ್ಲಿ ಬೇಕಾದ್ರೂ ಹತ್ತಿ, ಎಲ್ಲಿ ಬೇಕಾದ್ರೂ ಇಳೀರಿ. ವಾಪಸ್ ಬರೋ ಅಷ್ಟರಲ್ಲಿ ಯಾರು ಇರ್ತೀರ ಅಂತ ನೀವೇ ಡಿಸೈಡ್ ಮಾಡ್ಕೊಳ್ಳಿ. ನಮ್ಮ ಕೈಲಿ ಹೇಳಕ್ಕಾಗಲ್ಲ.”

ನನಗೆ ಉಳಿಯಬೇಕಿತ್ತು. ತುಂಬಾ ಉಳಿಯಬೇಕಿತ್ತು. ಮಗು ಆಗಲೇ ನನ್ನ ದನಿ ಬಂದ ಕಡೆ ತಲೆ ತಿರುಗಿಸುತ್ತಿತ್ತು. ಇನ್ನು ಕೆಲವೇ ವಾರಗಳಲ್ಲಿ ಅದು ಬೋರಲು ಬೀಳುತ್ತದೆ; ಅದನ್ನು ಮೈಸೂರಿನಲ್ಲಿ ಕೂತು ಫೋನಿನ ಗಾಜಿನಲ್ಲಿ ನೋಡಲು ನನಗೆ ಮನಸ್ಸಿರಲಿಲ್ಲ. ಬೀಗಿತ್ತಿಗಾದರೋ ಹ್ಯೂಸ್ಟನ್ನಿನಲ್ಲಿ ಒಬ್ಬ ಮಗಳಿದ್ದಾಳೆ, ಅಲ್ಲಿ ಇಬ್ಬರು ಮೊಮ್ಮಕ್ಕಳಿದ್ದಾರೆ. ನನಗೆ ಇದೊಂದೇ. ಆದರೆ ಇದನ್ನೆಲ್ಲ ಬಾಯಿಬಿಟ್ಟು ಹೇಳುವುದುಂಟೇ? ಅದನ್ನು ಅವರೇ ಅರ್ಥಮಾಡಿಕೊಳ್ಳಬೇಕು. ನಾನು ಬೆಳೆದ ಮನೆಯಲ್ಲಿ ಬೇಕಾದದ್ದನ್ನು ಬೇಕು ಎಂದವರಿಲ್ಲ.

ಬೆಳಿಗ್ಗೆ ಅಳಿಯ ಸ್ಟೇಷನ್ನಿಗೆ ಬಿಟ್ಟ. ಈ ಪಾಸಿನಲ್ಲಿ ಹ್ಯೂಸ್ಟನ್ನಿಗಾಗಲಿ ಆಸ್ಟಿನ್ನಿಗಾಗಲಿ ಹೋಗಲಾಗದು ಎಂದು ತನ್ನ ತಾಯಿಗೆ ಎರಡು ಸಲ ಹೇಳಿದ. ರೈಲು ಬಂತು, ಬಾಗಿಲು ತೆರೆಯಿತು. ನಮ್ಮ ಬೋಗಿಯಲ್ಲಿ ಇದ್ದವನು ಹೆಡ್‌ಫೋನ್ ಹಾಕಿಕೊಂಡ ಹುಡುಗ ಒಬ್ಬನೇ. ಬೀಗಿತ್ತಿ ಸೆರಗು ಬಿಗಿದು, ನನ್ನನ್ನು ದಾಟಿಕೊಂಡು ಒಳಗೆ ನುಗ್ಗಿ, ಕಿಟಕಿ ಪಕ್ಕದ ಸೀಟಿಗೆ ಕರ್ಚೀಫ್ ಎಸೆದರು. ಪಕ್ಕದ್ದಕ್ಕೆ ಚೀಲ ಇಟ್ಟರು. ಸುತ್ತಲೂ ಸೀಟುಗಳು ಖಾಲಿ ಬಿದ್ದಿದ್ದವು.

“ಕೂಡ್ರಿ ಬೀಗರ, ನಿಮಗೂ ಹಿಡದೀನಿ” ಎಂದರು.

ನನಗೆ ನಗು ಬಂತು. ಒಳ್ಳೆಯ ಮನಸ್ಸಿನ ಹೆಂಗಸು, ದಾರಿ ಸಲೀಸಾದೀತು ಎಂದುಕೊಂಡೆ.

ಡಾಲಸ್ ಮುಟ್ಟುವವರೆಗೆ ಇಬ್ಬರೂ ಆ ವಿಷಯ ಎತ್ತಲಿಲ್ಲ. ಫ್ರೀವೇ ಮೇಲಿನ ಕಾರುಗಳನ್ನು ಎಣಿಸಿದೆವು. ಊರಿನ ಮಧ್ಯೆ ಇಳಿದು ಫೋರ್ಟ್ ವರ್ತಿನ ರೈಲು ಹತ್ತಿದೆವು. ಅದಕ್ಕೆ ಮಹಡಿಯೂ ಇತ್ತು. ಬೀಗಿತ್ತಿ ಮಂಡಿನೋವು ಮರೆತು ಮೆಟ್ಟಿಲು ಹತ್ತಿದರು. ಮೇಲೆ ಕೂತು, ಫೋನಿನಲ್ಲಿದ್ದ ಪಾಸು ತೋರಿಸಿ, ಕಂಡಕ್ಟರ್ ಅತ್ತ ಹೋದ ಮೇಲೆ ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ.

“ನೋಡಿ ಬೀಗರೇ, ನೀವೇ ಉಳ್ಕೊಳ್ಳಿ. ನನ್ನದೇನು, ನಾನು ಹೋಗ್ತೀನಿ, ಪರವಾಗಿಲ್ಲ.”

ಇದು ಬಾಯುಪಚಾರ. ಮೈಸೂರಿನಲ್ಲಿ ಹುಟ್ಟಿದ ಬೆಕ್ಕಿಗೂ ಗೊತ್ತು. ಇದಕ್ಕೆ ಎದುರಿನವರು “ಛೆ ಛೆ, ಎಲ್ಲಾದರೂ ಉಂಟೇ, ನೀವಿರಿ” ಎನ್ನಬೇಕು. ನಾನು “ಇಲ್ಲ ಇಲ್ಲ, ನೀವು” ಎನ್ನಬೇಕು. ಮೂರನೆಯ ಸುತ್ತಿಗೆ ನಾನು ಒಲ್ಲದ ಮನಸ್ಸಿನಿಂದೆಂಬಂತೆ ಒಪ್ಪಿಕೊಳ್ಳಬೇಕು. ಲೆಕ್ಕ ಹಾಕಿಕೊಂಡೇ ಬಂದಿದ್ದೆ.

ಬೀಗಿತ್ತಿ ನನ್ನ ಕೈ ಹಿಡಿದುಕೊಂಡರು. “ಹಂಗಾದ್ರ ಛಲೋ ಆತು ಬಿಡ್ರಿ. ನಂಗೂ ಅದ ಚಿಂತಿ ಹತ್ತಿತ್ತು, ನಿಮಗ ಹೆಂಗ ಹೇಳೂದಂತ.”

ಅಷ್ಟೇ. ಮುಗಿಯಿತು. ಅವರು ಕಿಟಕಿಯತ್ತ ತಿರುಗಿ ಇರ್ವಿಂಗ್ ಸ್ಟೇಷನ್ ನೋಡತೊಡಗಿದರು. ನಾನು ನಗುಮುಖ ಇಟ್ಟುಕೊಂಡೇ ಕೂತಿದ್ದೆ, ಅದನ್ನು ತೆಗೆಯುವುದು ಹೇಗೆಂದು ಗೊತ್ತಾಗದೆ. ಮನಸ್ಸಿನಲ್ಲಿ ಮಾತ್ರ ಅವರಿಗೆ, ಅವರ ಊರಿಗೆ, ಪೇಡಕ್ಕೆ ಸಹ ಶಾಪ ಹಾಕುತ್ತಿದ್ದೆ.

ಫೋರ್ಟ್ ವರ್ತಿನಲ್ಲಿ ಇಳಿದಾಗ ಬಿಸಿಲು ಸುಡುತ್ತಿತ್ತು. ನೆರಳಿನ ಬೆಂಚೊಂದರ ಮೇಲೆ ಕೂತು ಬೀಗಿತ್ತಿ ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ನಾನು ಏನೂ ತಂದಿರಲಿಲ್ಲ. ನಾವಿಬ್ಬರೂ ತಂದರೆ ಅವರ ಬುತ್ತಿಗಿಂತ ನನ್ನದೇ ಮೇಲೆನಿಸಿಬಿಟ್ಟೀತೆಂಬ ಇನ್ನೊಂದು ಉಪಚಾರ.

“ತಗೋರಿ ರೊಟ್ಟಿ.”

“ಅಯ್ಯೋ, ಬೇಡ. ನನಗೆ ಹಸಿವೇ ಇಲ್ಲ.”

“ಹೌದೇನ್ರಿ” ಎಂದು ಅವರು ಡಬ್ಬಿಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಉಣ್ಣತೊಡಗಿದರು. ಎಣ್ಣೆಗಾಯಿಯ ಘಮ ನೇರ ನನ್ನ ಮೂಗಿಗೆ ಬಂತು. ಒಂದು ರೊಟ್ಟಿ ಮುಗಿಯಿತು. ಎರಡನೆಯದನ್ನು ಮುರಿದರು. ಇನ್ನೊಮ್ಮೆ ಕೇಳುವ ಲಕ್ಷಣವೇ ಇಲ್ಲ. ಮೊಮ್ಮಗಳೂ ಕೈತಪ್ಪಿದಳು, ರೊಟ್ಟಿಯೂ ಕೈತಪ್ಪುತ್ತಿದೆ.

“ನನಗೆ ರೊಟ್ಟಿ ಬೇಕು” ಎಂದೆ. ದನಿ ಒಡೆದಿತ್ತು. “ಹೊಟ್ಟೆ ಹಸೀತಿದೆ. ಆಮೇಲೆ, ನನಗೆ ಊರಿಗೆ ಹೋಗೋದಕ್ಕೂ ಇಷ್ಟ ಇಲ್ಲ. ಮಗು ಬೋರಲು ಬೀಳೋದನ್ನ ನಾನು ನೋಡಬೇಕು. ಆಗ ರೈಲಲ್ಲಿ ಹೇಳಿದ್ದು ಸುಮ್ಮನೆ ಬಾಯಿಮಾತಿಗೆ.”

ಬೀಗಿತ್ತಿ ತುತ್ತು ನುಂಗುವುದನ್ನು ಬಿಟ್ಟು ನನ್ನನ್ನೇ ನೋಡಿದರು. ಉಳಿದ ರೊಟ್ಟಿಗಳನ್ನೆಲ್ಲ ಮುಚ್ಚಳದಲ್ಲಿ ಹಾಕಿ ನನ್ನ ಮುಂದಿಟ್ಟರು.

“ಬಾಯಿಮಾತಿಗೆ ಯಾಕ ಹೇಳ್ತೀರಿ? ನಾ ಏನ್ ನಿಮ್ಮ ಮನಸ್ಸಿನ್ಯಾಗ ಹೊಕ್ಕು ನೋಡ್ಲೇನ್ರಿ? ಎರಡು ತಿಂಗಳಾತು, ನನ್ನ ಉಂಡಿ ಛಲೋ ಅದ ಛಲೋ ಅದ ಅಂತೀರಿ. ಅದರ ಖರೇನೂ ಹೇಳಿಬಿಡ್ರಿ.”

“ಬೆಲ್ಲ ಜಾಸ್ತಿ” ಎಂದೆ, ರೊಟ್ಟಿ ಅಗಿಯುತ್ತ.

“ಹೂಂ. ನನಗೂ ಹಂಗ ಅನಸಿತ್ತು.” ಚಟ್ನಿಯನ್ನೂ ನನ್ನತ್ತ ಸರಿಸಿ ಹೇಳಿದರು: “ನೋಡ್ರಿ, ನಂಗೂ ಇರೂ ಆಸೆ ಅದ. ಆದ್ರ ನಿಮ್ಮ ಕಣ್ಣಾಗ ನೀರು ಬಂದಾವ, ನನಗ ಬಂದಿಲ್ಲ. ನೀವ ಇರ್ರಿ. ನಾ ಹ್ಯೂಸ್ಟನ್‌ದಾಗ ಮಗಳ ಮನ್ಯಾಗ ನಾಕು ದಿನ ಇದ್ದು ಊರಿಗೆ ಹೋಗ್ತೀನಿ.”

“ನಿಜವಾಗ್ಲೂನಾ?” ಎಂದೆ. ವಾಪಸ್ ರೈಲಿನಲ್ಲಿ ಮತ್ತೆ ಕೇಳಿದೆ. ಡಾಲಸ್ಸಿನಲ್ಲಿ ರೈಲು ಬದಲಾಯಿಸುವಾಗ ಇನ್ನೊಮ್ಮೆ ಕೇಳಿದ್ದಕ್ಕೆ, “ಒಮ್ಮೆ ಹೇಳಿದ್ರ ಸಾಲೂದಿಲ್ಲೇನ್ರಿ ನಿಮ್ಮ ಊರಾಗ?” ಎಂದು ಗದರಿಸಿದರು. ಆಮೇಲೆ ಅವರಿಗೆ ನಿದ್ದೆ ಹತ್ತಿತು. ಅವರ ತಲೆ ನನ್ನ ಭುಜಕ್ಕೆ ಬಂತು. ಪ್ಲೇನೋ ಬರುವವರೆಗೆ ನಾನು ಅಲುಗಾಡಲಿಲ್ಲ.

ಮನೆ ಹೊಕ್ಕಾಗ ಮಗಳು ಮಗುವಿಗೆ ತೇಗು ಬರಿಸುತ್ತಿದ್ದಳು. ನಿದ್ದೆ ಮಾಡಿ ಎದ್ದ ಮುಖ, ಹೆರಿಗೆಯಾದಾಗಿನಿಂದ ಅಷ್ಟು ತಿಳಿಯಾಗಿ ನಾನು ಕಂಡಿರಲಿಲ್ಲ. “ಏನಾಯ್ತು?” ಎಂದಳು. ನಾನು ಬೀಗಿತ್ತಿಯ ಮುಖ ನೋಡಿದೆ. ಅವರು ತುಟಿ ಬಿಗಿದುಕೊಂಡು, ನೀವೇ ಹೇಳಿ ಎಂಬಂತೆ ಗದ್ದ ಮುಂದೆ ಮಾಡಿದರು.

“ನಾನು ಇರ್ತೀನಿ” ಎಂದೆ. “ನನಗೆ ಇರಬೇಕು ಅಂತ ಆಸೆ.”

“ಅಯ್ಯೋ ಅಮ್ಮ, ಅದಕ್ಕೇನಂತೆ. ಎಷ್ಟು ದಿನ ಬೇಕಾದ್ರೂ ಇರು, ಪರವಾಗಿಲ್ಲ” ಎಂದಳು ಮಗಳು, ಮುಖದ ತುಂಬ ನಗುತ್ತ.

ಆ ಮಾತು, ಆ ರಾಗ, ಆ ನಗು ಎಲ್ಲ ನನ್ನದೇ. ಹಾಲು ಕುಡಿಸಿದಾಗಿನಿಂದ ಕೂತು ಕಲಿಸಿದವಳು ನಾನು. ಇದು ಒಳಗಿನ ಮಾತೋ ಬಾಯುಪಚಾರವೋ ಹೆತ್ತ ನನಗೇ ತಿಳಿಯಲಿಲ್ಲ. ನಿಜವಾಗ್ಲೂನಾ ಎಂದು ಇನ್ನೊಮ್ಮೆ ಕೇಳಿದ್ದರೆ ಅವಳ ಕಣ್ಣಿನಲ್ಲಿ ಗೊತ್ತಾಗಿಬಿಡುತ್ತಿತ್ತು. ಕೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಟಿಕೆಟ್ ಇವತ್ತೇ ಬದಲಾಯಿಸಿಬಿಡಿ ಎಂದು ಅಳಿಯನಿಗೆ ಹೇಳಿ, ಕೈ ತೊಳೆದು, ಮಗುವನ್ನು ಎತ್ತಿಕೊಂಡೆ.